ಕನ್ನಡಿಯಲ್ಲಿ ಬಿದ್ದ ಏಟು

ಬೀದಿಯವರೆಲ್ಲ ಕತ್ತರಿ ಅಕ್ಕ ಎಂದೇ ಕರೆಯುವ ಪಾರ್ಲರಿನ ಹೆಂಗಸಿಗೆ ಟಿ.ವಿ. ಚರ್ಚೆಯಲ್ಲಿ ಸಿಕ್ಕಿದ್ದು ಕೊನೆಯ ಕುರ್ಚಿ. ಪಕ್ಕದಲ್ಲಿ ನಿವೃತ್ತ ಪೊಲೀಸ್ ಅಧಿಕಾರಿ, ಆಚೆಗೆ ಒಬ್ಬ ವಕೀಲರು, ನಡುವೆ ನಿರೂಪಕ. ಹಿಂದಿನ ಪರದೆಯ ಮೇಲೆ ಬೆಂಕಿಯ ಬಣ್ಣದಲ್ಲಿ ‘ಲಾಠಿ ಬೇಕೆ, ಬೇಡವೆ?’ ಎಂದು ಬರೆದಿತ್ತು. ಲಾಠಿಯ ಭವಿಷ್ಯ ಕಟ್ಟಿಕೊಂಡು ಅವಳಿಗೇನೂ ಆಗಬೇಕಿರಲಿಲ್ಲ. ತನ್ನ ತಮ್ಮ ಯಾರನ್ನೂ ಹೊಡೆದಿಲ್ಲ ಎನ್ನುವುದು ನಾಲ್ಕು ಜನರ ಕಿವಿಗೆ ಬೀಳಬೇಕಿತ್ತು, ಅಷ್ಟೆ. ನಾಳೆ ಕೋರ್ಟು.

ತಮ್ಮ ವೈರಿಂಗ್ ಕೆಲಸದವನು. ಹೆಗಲ ಮೇಲೆ ಏಣಿ ಹೊತ್ತು ಅಕ್ಕನ ಪಾರ್ಲರಿನ ಮುಂದೆ ತಿರುಗುವಾಗ ಏಣಿಯ ತುದಿ ಅಲ್ಲಿ ನಿಂತಿದ್ದ ಪೊಲೀಸ್ ಜೀಪಿಗೆ ತಗುಲಿತು. ಕಾನ್‌ಸ್ಟೆಬಲ್ ಇಳಿದ. ತಮ್ಮ ಏಣಿ ನೆಲಕ್ಕಿಟ್ಟು ಎರಡೂ ಕೈ ಮೇಲೆತ್ತಿದ. ಎತ್ತಿದ ಕೈಯ ಮೇಲೇ ಲಾಠಿ ಬಿತ್ತು, ಮೂಳೆ ಮುರಿಯಿತು. ಪೊಲೀಸರು ಬರೆದುಕೊಂಡ ದೂರಿನಲ್ಲಿ ಏಣಿಯೇ ಆಯುಧ, ತಮ್ಮನೇ ಹೊಡೆದವನು. ಶಿಕ್ಷೆಯಾದರೆ ಅವನ ವೈರಿಂಗ್ ಲೈಸೆನ್ಸು ಹೋಗುತ್ತದೆ.

ನಡೆದದ್ದೆಲ್ಲ ಅಕ್ಕನ ಫೋನಿನಲ್ಲಿತ್ತು. ಅವಳು ಬೇಕೆಂದು ಹಿಡಿದದ್ದಲ್ಲ. ಗಿರಾಕಿಯ ತಲೆಗೆ ಬಣ್ಣ ಹಚ್ಚುವ ಮೊದಲು ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕನ್ನಡಿಯತ್ತ ತಿರುಗಿಸಿಡುವುದು ಅವಳ ರೂಢಿ. ಬಣ್ಣಕ್ಕೆ ಮುಂಚೆ, ಬಣ್ಣದ ನಂತರ ಎಂದು ತೋರಿಸಿದರೆ ಹೊಸಬರು ಬರುತ್ತಾರೆ. ಆ ದಿನ ಕನ್ನಡಿಯಲ್ಲಿ, ಬಣ್ಣ ಹಚ್ಚಿಸಿಕೊಳ್ಳಲು ಕೂತಿದ್ದ ಬ್ಯಾಂಕಿನ ಮೇಡಂ ಮುಖದ ಹಿಂದೆ ಬೀದಿಯೂ ಬಿತ್ತು, ಏಟೂ ಬಿತ್ತು. ಕನ್ನಡಿಯಲ್ಲಿ ಎಡದ ಬೈತಲೆ ಬಲಕ್ಕೆ ಕಾಣುವುದರಿಂದ ವಿಡಿಯೊವನ್ನು ಅವಳು ಯಾವಾಗಲೂ ತಿರುಗಿಸಿ ಸರಿ ಮಾಡುತ್ತಾಳೆ. ಅಂದೂ ಮಾಡಿದಳು. “ನನ್ನ ಬಿಳಿಗೂದಲು ಊರಿಗೆಲ್ಲ ತೋರಿಸ್ತೀಯಾ?” ಎಂದು ಮೇಡಂ ಹೌಹಾರಿದ್ದರಿಂದ ಅವರ ಮುಖವನ್ನು ಕತ್ತರಿಸಿ ತೆಗೆದಳು. ಅದನ್ನು ಊರಿಗೆಲ್ಲ ಹಂಚಿ, ಆಮೇಲೆ ಫೋನು ತುಂಬದಿರಲೆಂದು ಎಂದಿನಂತೆ ತಿದ್ದದ ಮೊದಲಿನದನ್ನು ಅಳಿಸಿಬಿಟ್ಟಳು. ಕೈ ತನ್ನಷ್ಟಕ್ಕೆ ಅಭ್ಯಾಸದ ಕೆಲಸ ಮಾಡಿತು, ಮನಸ್ಸು ಆಸ್ಪತ್ರೆಯಲ್ಲಿತ್ತು.

ಈಗ ಸ್ಟುಡಿಯೋದಲ್ಲಿ ಬಹಳ ಹೊತ್ತು ವಕೀಲರೂ ಅಧಿಕಾರಿಯೂ ಕೋಳಿಜಗಳ ಆಡಿದರು.

“ಜನಕ್ಕೆ ನಮ್ಮ ಭಯ ಇಲ್ದಿದ್ರೆ ನೀವು ನೆಮ್ಮದಿಯಾಗಿ ನಿದ್ದೆ ಮಾಡ್ತೀರೇನ್ರೀ?”

“ನಿಮ್ಮ ಭಯಕ್ಕೇ ಸ್ವಾಮಿ ನಿದ್ದೆ ಬರ್ತಿಲ್ಲ!”

ಕಡೆಗೂ ನಿರೂಪಕ ಇವಳತ್ತ ತಿರುಗಿದ. “ಅಕ್ಕಾ, ವಿಡಿಯೊ ನಿಮ್ದೇ ತಾನೆ?”

“ನಂದೇ. ಅದ್ರಲ್ಲಿ ನೋಡಿ, ಏಣಿ ನೆಲದ ಮೇಲಿದೆ, ನನ್ನ ತಮ್ಮ ಎರಡೂ ಕೈ...”

“ಒಂದ್ನಿಮಿಷ ತಾಯಿ,” ಅಧಿಕಾರಿ ಮೆತ್ತಗೆ ಅಡ್ಡ ಬಂದರು. “ಅದನ್ನ ಎಡಿಟ್ ಮಾಡಿದೀರೋ ಇಲ್ವೋ?”

“ತಿರುಗಿಸಿದೀನಿ. ಅದು ಕನ್ನಡಿ...”

“ಹೌದು ಅನ್ನಿ, ಇಲ್ಲ ಅನ್ನಿ. ಎರಡರಲ್ಲಿ ಒಂದು.”

“ಕನ್ನಡೀಲಿ ಎಡ ಬಲ ಆಗುತ್ತೆ ಸಾರ್. ನೆಟ್ಟಗೆ ಮಾಡಿದೀನಿ. ಏಣಿ ಏನು ನಾನು ಚಿತ್ರ ಬರ್ದು ಅಂಟಿಸಿದ್ನಾ?”

“ಅಂದ್ರೆ ಎಡಿಟ್ ಆಗಿದೆ.”

“ಹೌದು, ಆದ್ರೆ...”

‘ಎಡಿಟ್ ಮಾಡಿದ್ದು ನಿಜ: ಅಕ್ಕನ ಒಪ್ಪಿಗೆ’ ಎಂದು ಪರದೆಯ ಕೆಳಗೆ ಕೆಂಪಕ್ಷರ ಓಡತೊಡಗಿತು. ‘ಆದ್ರೆ’ ಜಾಹೀರಾತಿನಲ್ಲಿ ಕೊಚ್ಚಿಹೋಯಿತು.

ಬಿಡುವಿನಲ್ಲಿ ವಕೀಲರು ಎದ್ದು ಅವಳ ಬಳಿ ಬಂದು, ಮೊದಲಿನ ವಿಡಿಯೊ ಅಳಿಸಿಹೋಗಿದೆ ಎಂದು ಕೇಳಿ ತಿಳಿದುಕೊಂಡರು. “ಏನಮ್ಮಾ, ಮೊದಲಿನದು ಇಟ್ಕೋಬೇಕು ಅಂತ ಗೊತ್ತಾಗ್ಬಾರ್ದಾ? ನಿಮ್ಮ ತಲೆ ಮೇಲೆ ನೀವೇ ಚಪ್ಪಡಿ ಎಳ್ಕೊಂಡ್ರಲ್ಲ.”

“ಆಗ ನನ್ನ ತಮ್ಮನ ಕೈ ಮುರಿದಿತ್ತು ಸಾರ್.”

“ಅದಕ್ಕೇ ಹೇಳಿದ್ದು,” ಎಂದು ಅವರು ನೀರು ಕುಡಿದರು.

ಬಿಡುವು ಮುಗಿಯುವಷ್ಟರಲ್ಲಿ ಚರ್ಚೆಯ ವಿಷಯವೇ ಬದಲಾಗಿತ್ತು: ‘ಸುಳ್ಳು ವಿಡಿಯೊಗಳಿಗೆ ಕಡಿವಾಣ ಯಾವಾಗ?’ ಇದರಲ್ಲಿ ವಕೀಲರೂ ಅಧಿಕಾರಿಯೂ ಒಂದಾದರು. ಅವಳು ಮತ್ತೆ ಮತ್ತೆ ಕೈ ಎತ್ತಿದಳು. ಅವಳ ಮೈಕನ್ನು ಆಗಲೇ ಬಂದ್ ಮಾಡಿದ್ದರು.

ಕೆಳಗಿನ ಸ್ವಾಗತ ಕೋಣೆಯಲ್ಲಿ ತಮ್ಮ ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆಯ ಟಿ.ವಿ. ನೋಡುತ್ತ ಕೂತಿದ್ದ.

“ಲಿಪ್‌ಸ್ಟಿಕ್ ಜಾಸ್ತಿಯಾಯ್ತು ನಿಂಗೆ,” ಎಂದ.

“ಅವರೇ ಬಳಿದದ್ದು. ಅದಕ್ಕೆ ಮಾತ್ರ ಟೈಮಿತ್ತು ಅವ್ರಿಗೆ.”

“ಅಕ್ಕಾ, ನಾಳೆ ಒಪ್ಕೊಂಡ್ಬಿಡ್ತೀನಿ.”

“ಏನಂತ?”

“ಏಣೀಲಿ ಹೊಡ್ದೆ ಅಂತ.”

“ಹೊಡ್ದ್ಯಾ?”

“ಇಲ್ಲ. ಹೊಡೆದಿಲ್ಲ ಅಂತ ಹೇಳೀ ಹೇಳೀ ಬಾಯಿ ಬತ್ತಿಹೋಯ್ತು. ದಂಡ ಕಟ್ಟಿದ್ರೆ ಮುಗಿಯುತ್ತಂತೆ.”

“ಲೈಸೆನ್ಸು?”

“ಈ ಕೈಯಲ್ಲಿ ನಾನು ಏಣಿ ಹತ್ತೋದು ಅಷ್ಟರಲ್ಲೇ ಇದೆ.”

ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು ಅವಳಿಗೆ. ಎಲ್ಲರೂ ಬಾರಿಸಿಯಾಗಿದೆ, ತಾನೊಬ್ಬಳು ಬಾಕಿ ಎನಿಸಿ ಕೈಯನ್ನು ಹಿಂದಕ್ಕೆಳೆದುಕೊಂಡಳು. ಫೋನು ತೆಗೆದಳು. ಆ ಏಟನ್ನು ಕನ್ನಡಿಯಲ್ಲಿ ಅವಳಷ್ಟೇ ಚೆನ್ನಾಗಿ ನೋಡಿದ್ದ ಇನ್ನೊಬ್ಬರು ಬ್ಯಾಂಕಿನ ಮೇಡಂ. ಸಾಕ್ಷಿ ಹೇಳಿ ಎಂದು ಗೋಗರೆದು ಅವಳ ನಾಲಗೆ ಸವೆದಿತ್ತು. ಆದರೂ ಮತ್ತೆ ಅವರ ನಂಬರ್ ಒತ್ತಿ, ತಮ್ಮನಿಗೂ ಕೇಳಲೆಂದು ಸ್ಪೀಕರ್ ಹಾಕಿದಳು.

“ಟಿ.ವಿ. ನೋಡ್ದೆ ಕಣೆ,” ಮೇಡಂ ದನಿ ಅರಳಿತ್ತು. “ಎಷ್ಟು ಧೈರ್ಯವಾಗಿ ಮಾತಾಡ್ದೆ! ನನ್ನ ಹೆಸ್ರು ಎತ್ಲಿಲ್ಲ ನೋಡು, ಪುಣ್ಯ ಬರ್ಲಿ ನಿಂಗೆ.”

“ನಾಳೆ ಎತ್ತುತ್ತೀನಿ ಮೇಡಂ.”

“ಏನು?”

“ನೀವು ನನ್ನ ಕುರ್ಚೀಲಿ ಕೂತಿದ್ರಿ, ಎಲ್ಲ ನೋಡಿದ್ರಿ ಅಂತ ಜಡ್ಜ್ ಮುಂದೆ ಹೇಳ್ತೀನಿ.”

“ಅಯ್ಯೋ, ಪೊಲೀಸ್ನೋರು ಮನೆಗೆ ಬಂದ್ರೆ ಏನೇ ಗತಿ? ನಾನು ಕಣ್ಣು ಮುಚ್ಕೊಂಡಿದ್ದೆ ಅಂತೀನಷ್ಟೆ. ತಲೇಗೆ ಬಣ್ಣ ಹಚ್ಚುವಾಗ ಯಾರು ಕಣ್ಣು ಬಿಡ್ತಾರೆ?”

“ಅದನ್ನೇ ಪ್ರಮಾಣ ಮಾಡಿ ಹೇಳಿ.”

ಆ ಕಡೆ ಫೋನು ಕಟ್ಟಾಯಿತು.

“ಹೋಯ್ತು ಗಿರಾಕಿ,” ಎಂದ ತಮ್ಮ.

“ಒಬ್ಬಳಲ್ಲ. ಅವಳು ಕರ್ಕೊಂಡು ಬಂದ ಬ್ಯಾಂಕಿನೋರೆಲ್ಲ ಹೋದ್ರು.”

“ಕಣ್ಣು ಮುಚ್ಕೊಂಡಿದ್ದೆ ಅಂತ ಅವರು ಹೇಳಿಬಿಟ್ರೆ ಕೇಸು ಇನ್ನೂ ಕೆಡುತ್ತೆ, ಅಕ್ಕ.”

“ಕೆಡ್ಲಿ. ನೀನು ಒಪ್ಕೋಬೇಡ. ಒಪ್ಕೊಂಡ್ರೆ ಇನ್ನೊಂದು ಕೈ ನಾನೇ ಮುರೀತೀನಿ.”

ಕಾವಲಿನವನು ಬಂದು, “ಬಾಗಿಲು ಹಾಕಬೇಕು, ಏಳಿ,” ಎಂದ. ತಮ್ಮ ಎದ್ದ. ‘ಒಪ್ಪಿಕೊಳ್ಳುವುದಿಲ್ಲ’ ಎಂಬ ಒಂದು ಮಾತು ಅವನ ಬಾಯಿಂದ ಬರದೆ ಇಲ್ಲಿಂದ ಕದಲುವುದಿಲ್ಲವೆಂದು ಅಕ್ಕ ಸೋಫಾದ ಮೇಲೆ ಕೂತೇಬಿಟ್ಟಳು.