ದೊರೆಯ ಕೆಮ್ಮು

“ಪ್ರಿಯ ಸಬೆಯೇ, ಹತ್ತು ಮಂದಿ ಕನ್ನಿಕೆಯರು ದೀಪ ತಕ್ಕೊಂಡು ಮದುಮಗನನ್ನು ಎದುರುಗೊಳ್ಳಲಿಕ್ಕೆ ಹೊರಟರು” ಎಂದು ಹೇಳಿ ಸಾಮುವೇಲಪ್ಪ ಎರಡು ಸಲ ಕೆಮ್ಮಿದ. ಅವನಿಗೆ ಕೆಮ್ಮಿನ ಕಾಯಿಲೆ ಇರಲಿಲ್ಲ. ಪಾದ್ರಿ ದೊರೆ ಇದೇ ಜಾಗದಲ್ಲಿ ಕೆಮ್ಮುತ್ತಿದ್ದರು, ಅದಕ್ಕೆ ಕೆಮ್ಮಿದ.

ಅಜ್ಜಂಪುರದ ಲೂಥರನ್ ಸಭೆಯ ಪ್ರಾರ್ಥನೆ ಮನೆ ಅಂದರೆ ಹೆಂಚು ಹೊದಿಸಿದ ಒಂದು ಉದ್ದನೆ ಕೊಠಡಿ. ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ, ಚಾಪೆಯ ಮೇಲೆ. ಎದುರಿಗೆ ಒಂದು ಎತ್ತರದ ಮೇಜು. ಮೇಜಿನ ಹಿಂದೆ ನಿಂತ ಸಾಮುವೇಲಪ್ಪ ರೈಲ್ವೆ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್. ಗಾಡಿ ಬರುವ ಹೊತ್ತಿಗೆ ಹಳಿ ತಿರುಗಿಸಬೇಕು, ಕೈದೀಪ ಹಿಡಿದು ನಿಲ್ಲಬೇಕು. ರಾತ್ರಿ ಪಾಳಿ ಮುಗಿಸಿ, ತಲೆಗೆ ನೀರು ಹುಯ್ದುಕೊಂಡು, ಮುದ್ದೆ ನುಂಗಿ ನೇರ ಇಲ್ಲಿಗೆ ಬಂದಿದ್ದ. ಕಣ್ಣಿಗೆ ಮರಳು ಎರಚಿದ ಹಾಗಿತ್ತು.

ದೊರೆ ಹೋಗಿ ಮೂರು ವರ್ಷವಾಗಿತ್ತು. ಯುದ್ಧ ಬಂತು, ಜರ್ಮನಿಯವರು ಅಂತ ಸರ್ಕಾರ ಅವರನ್ನು ಇದೇ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿತು. ಗಾಡಿ ಹೊರಡುವ ಮುಂಚೆ ದೊರೆ ಕಿಟಕಿಯಿಂದ ಕೈ ಚಾಚಿ ಸಾಮುವೇಲಪ್ಪನ ಭುಜ ಹಿಡಿದು, “ನೀನು ಸಬೆಯ ಹಿರಿಯ. ನೀನು ಕಲಿ. ಇನ್ನೊಬ್ಬನಿಗೆ ಕಲಿಸು. ನಿಲ್ಲಿಸಬೇಡ” ಅಂದಿದ್ದರು. ಕಡೂರಿನಿಂದ ಬರುತ್ತಿದ್ದ ಉಪದೇಶಿ ಸಂಬಳ ನಿಂತ ತಿಂಗಳೇ ಬೇರೆ ಮಿಷನ್ನು ಸೇರಿಕೊಂಡ. ಉಳಿದವನು ಇವನೊಬ್ಬ.

ಇವನು ಕಲಿತದ್ದಾದರೂ ಏನು? ವರ್ಷಗಟ್ಟಲೆ ಮುಂದಿನ ಚಾಪೆಯಲ್ಲಿ ಕೂತು ಕೇಳಿದ ದೊರೆಯ ಪ್ರಸಂಗಗಳು ತಲೆಯಲ್ಲಿ ಅಚ್ಚು ಹೊಡೆದಂತೆ ಕೂತಿದ್ದವು. ಅವನ್ನೇ ಸರದಿಯ ಮೇಲೆ ಹೇಳುತ್ತಿದ್ದ. ಮಾತೂ ದೊರೆಯದೇ, ಮಹಾಪ್ರಾಣವಿಲ್ಲದ ಆ ಕನ್ನಡವೂ ದೊರೆಯದೇ. ಅವರು ನೀರು ಕುಡಿಯುತ್ತಿದ್ದ ಕಡೆ ಇವನೂ ಒಂದು ಗುಟುಕು ಕುಡಿಯುತ್ತಿದ್ದ. “ಬರುವ ತಿಂಗಳು ನಾನು ನೀಲಗಿರಿಗೆ ಹೋಗುತ್ತೇನೆ” ಎಂದು ದೊರೆ ಯಾವತ್ತೋ ಹೇಳಿದ್ದನ್ನೂ ಬಿಡುತ್ತಿರಲಿಲ್ಲ. ಹಳಿ ತಿರುಗಿಸುವವನಿಗೆ ನೀಲಗಿರಿಯಲ್ಲಿ ಏನು ಕೆಲಸ ಎಂದು ಯಾರೂ ಕೇಳಲಿಲ್ಲ. ದೇವರ ವಾಕ್ಯ ಅಂದರೆ ಹಾಗೇ ಇರಬೇಕು ಎಂದು ಸಭೆಯೂ ನಂಬಿತ್ತು.

ದೊರೆಯ ಮಾತು ಮೀರಬಾರದೆಂದು ಶನಿವಾರ ಸಂಜೆ ಪಾಠವನ್ನೂ ನಡೆಸಿ ನೋಡಿದ. ಗಾರೆ ಕೆಲಸದ ಕೆಂಚಪ್ಪ ಒಂದು ಪ್ರಸಂಗವನ್ನು ಕೆಮ್ಮಿನವರೆಗೆ ಕಲಿತು, “ನನ್ ಕೈಲಿ ಆಗಾಕಿಲ್ಲ ಸಾಮೇಲಣ್ಣ. ಮಾತು ಬಂದ್ರೆ ಕೆಮ್ಮು ಬರಾಕಿಲ್ಲ, ಕೆಮ್ಮು ಬಂದ್ರೆ ಮಾತು ಮರ್ತೋಯ್ತದೆ” ಅಂತ ಕೈಬಿಟ್ಟ. ತರೀಕೆರೆ ದಾರಿಯಲ್ಲಿ ಬಾಡಿಗೆ ಗಾಡಿ ಹೊಡೆಯುವ ಅಂಜಿನಪ್ಪ ಒಂದು ಶನಿವಾರ ಎದ್ದು ನಿಂತು, ಅದೇ ಕಥೆಯನ್ನು ಕೈ ಆಡಿಸಿಕೊಂಡು ತನ್ನ ಮಾತಿನಲ್ಲಿ ಹೇಳಿದ್ದ. ಸಾಮುವೇಲಪ್ಪನಿಗೆ ಮೈ ಉರಿದುಹೋಗಿತ್ತು. “ಲೇ, ಇದು ವಾಕ್ಯ ಕಣೋ, ಗಾಡಿ ಅಡ್ಡೆ ಹರಟೆ ಅಲ್ಲ” ಅಂತ ಎಲ್ಲರೆದುರು ಗದರಿದ್ದ. ಅಂಜಿನಪ್ಪ ಮತ್ತೆ ಪಾಠಕ್ಕೆ ಬರಲಿಲ್ಲ. ಭಾನುವಾರ ಬಂದು ಬಾಗಿಲ ಪಕ್ಕ ಕೂತು ಎದ್ದುಹೋಗುತ್ತಿದ್ದ.

ಹಿಂದಿನ ವಾರ ಸಾಮುವೇಲಪ್ಪ ಹಳಿಯ ಹತ್ತಿರ ನಿಂತಲ್ಲೇ ತೂಕಡಿಸಿ, ಸ್ಟೇಷನ್ ಮಾಸ್ತರರು ಕೂಗಿ ಎಬ್ಬಿಸುವ ಹಾಗಾಗಿತ್ತು. ಇನ್ನೊಂದು ಸಲ ಹಾಗಾದರೆ ಕೆಲಸ ಹೋಗುತ್ತಿತ್ತು, ಇಲ್ಲ ಯಾರದೋ ಜೀವ ಹೋಗುತ್ತಿತ್ತು. ಅದಕ್ಕೇ ಈ ಬೆಳಿಗ್ಗೆ ಹೆಂಡತಿ ಸಾರಮ್ಮನಿಗೆ ಹೇಳಿಬಿಟ್ಟಿದ್ದ: “ಇವತ್ತೇ ಕೊನೆ. ಪ್ರಾರ್ಥನೆ ಮುಗಿದ್ಮೇಲೆ ಬೀಗ ಹಾಕ್ತೀನಿ.”

“ಬೀಗ ಹಾಕಿದ್ರೆ ಜನ ಎಲ್ಲೋಗ್ಬೇಕು?”

“ಕಡೂರಿಗೋಗ್ಲಿ. ಇಲ್ಲಾ ಮನೇಲೇ ಕೂತ್ಕಳ್ಲಿ. ನಾನೇನು ಕಬ್ಬಿಣದೋನಾ?”

ಸಾರಮ್ಮ ಸೆರಗು ಹೊದ್ದು ಅವನ ಜತೆಗೇ ಹೊರಟು ಬಂದು ಹೆಂಗಸರ ಚಾಪೆಯಲ್ಲಿ ಕೂತಿದ್ದಳು.

“ಮದುಮಗನು ತಡ ಮಾಡಿದನು,” ಎಂದು ಈಗ ಅವನು ಮುಂದುವರಿಸಿದ. “ಆಗ ಅವರೆಲ್ಲರೂ ತೂಕಡಿಸಿ…”

ಅಲ್ಲಿಗೆ ನಿಂತಿತು. ಮುಂದಿನ ಮಾತು ಬರಲಿಲ್ಲ. ರೆಪ್ಪೆಗಳು ತಾವಾಗಿ ಇಳಿದವು. ಮೇಜಿನ ಅಂಚು ಹಿಡಿದುಕೊಂಡ.

“ತೂಕಡಿಸಿ ನಿದ್ರೆ ಮಾಡಿದರು,” ಎಂದಿತು ಹೆಂಗಸರ ಕಡೆಯಿಂದ ಒಂದು ದನಿ. ಸಭೆಗೆಲ್ಲ ಹಿರಿಯಳಾದ ಪಾಪಜ್ಜಿ; ಅವಳಿಗೆ ಕಣ್ಣು ಅಷ್ಟಾಗಿ ಕಾಣದು, ಅಕ್ಷರವೂ ಬಾರದು. “ನಡುರಾತ್ರಿಯಲ್ಲಿ ಕೂಗು ಆಯಿತು. ಇಲ್ಲಿ ನೀರು ಕುಡೀಬೇಕು. ಕುಡ್ಕೊ.”

ಯಾರೋ ಕಿಸಕ್ಕನೆ ನಕ್ಕರು. ಕೆಂಚಪ್ಪ ಮುಂದಿನ ಸಾಲು ಹೇಳಿದ. ಅವನ ಹಿಂದಿನವನು ಅದರ ಮುಂದಿನದು. ಹೆಂಗಸರೂ ಸೇರಿದರು. ಹೆಚ್ಚಿನ ಎಣ್ಣೆ ತಾರದ ಐವರು ದೀಪ ಆರುತ್ತದೆಂದು ಬೇಡಿದಾಗ, ಎಣ್ಣೆ ತಂದಿದ್ದ ಐವರು ಬುದ್ಧಿವಂತೆಯರು “ನಮಗೂ ನಿಮಗೂ ಸಾಲದು, ಅಂಗಡಿಗೆ ಹೋಗಿ ಕೊಂಡುಕೊಳ್ಳಿರಿ” ಎನ್ನುವವರೆಗೆ ಇಡೀ ಸಭೆ ದೊರೆಯ ಕನ್ನಡದಲ್ಲೇ ಒಪ್ಪಿಸಿತು, ಮಗ್ಗಿ ಹೇಳಿದ ಹಾಗೆ. ಈ ಹೊರೆಯನ್ನು ತಾನೊಬ್ಬನೇ ಹೊತ್ತಿದ್ದೇನೆ ಅಂದುಕೊಂಡಿದ್ದವನು ಬಾಯಿ ಬಿಟ್ಟುಕೊಂಡು ಕೇಳಿದ. ಮೊದಲು ನಾಚಿಕೆಯಾಯಿತು. ಆಮೇಲೆ ಸಿಟ್ಟು ನೆತ್ತಿಗೇರಿತು.

“ಎಲ್ಲಾ ಬತ್ತದೆ ನಿಮ್ಗೆ,” ಅಂದ. ದೊರೆಯ ಕನ್ನಡ ಬಾಯಿಂದ ಬಿದ್ದುಹೋಗಿತ್ತು. “ಮತ್ತೆ ನಾನ್ಯಾಕ್ರೋ ನಿದ್ದೆಗೆಟ್ಟು ಇಲ್ಲಿ ನಿಂತ್ಕಂಡು ಸಾಯ್ತಿದ್ದೆ? ಒಬ್ಬನಾದ್ರೂ ಬಂದು, ನೀನು ಕೂತ್ಕೊ, ನಾನು ಹೇಳ್ತೀನಿ ಅಂದ್ರಾ?”

“ಹೇಳೋದು ನಿಂಗೊಬ್ಬಂಗೇ ಸೇರಿದ್ದು ಅನ್ಕಂಡಿದ್ವಿ,” ಅಂದಳು ಪಾಪಜ್ಜಿ. “ಬೈದಿದ್ದು ಆಯ್ತಲ್ಲ ಸಾಮೇಲ, ಈಗ ಒಂದು ಕೇಳ್ತೀನಿ ಹೇಳು. ದೊರೆ ಇದ್ದಾಗ್ಲೂ ಕೇಳ್ಬೇಕು ಅಂತಿತ್ತು, ಹೆದ್ರಿಕೆ. ಆ ಐದು ಜನ ಬುದ್ಧಿವಂತ್ರು ಎಣ್ಣೆ ಯಾಕೆ ಕೊಡ್ನಿಲ್ಲ?”

“ಏನು?”

“ಪಕ್ಕದೋಳು ದೀಪ ಆರೋಯ್ತದೆ, ಒಂದ್ ಮಿಳ್ಳೆ ಎಣ್ಣೆ ಹಾಕವ್ವ ಅಂದ್ರೆ, ಅಂಗಡಿಗೋಗು ಅಂತಾರಾ? ನಡುರಾತ್ರೀಲಿ ಯಾವ ಶೆಟ್ಟಿ ಅಂಗಡಿ ತೆಗ್ದಿರ್ತಾನೆ? ನಮ್ ಬೀದೀಲಿ ಹಂಗಂದೋಳ್ನ ಸುಮ್ಕೆ ಬಿಡ್ತೀವಾ?”

ಸಾಮುವೇಲಪ್ಪ ದೊರೆಯ ಪ್ರಸಂಗಗಳನ್ನೆಲ್ಲ ಮನಸ್ಸಿನಲ್ಲೇ ತಡಕಾಡಿದ. ಯಾವುದರಲ್ಲೂ ಈ ಪ್ರಶ್ನೆ ಇರಲಿಲ್ಲ.

“ಗೊತ್ತಿಲ್ಲ ಕಣಜ್ಜಿ,” ಅಂದ.

ಆ ಮೇಜಿನ ಹಿಂದೆ ನಿಂತು ಅಂಥ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ.

“ಕೊಟ್ಟಿದ್ರೆ ಹತ್ತು ದೀಪಾನೂ ಅರ್ಧ ದಾರೀಲಿ ಆರೋಗೋವು,” ಎಂದು ಬಾಗಿಲ ಪಕ್ಕದಿಂದ ಅಂಜಿನಪ್ಪ ಗೊಣಗಿದ.

ಸಾಮುವೇಲಪ್ಪ ಅತ್ತ ತಿರುಗಿದ. “ಎದ್ದು ನಿಂತು ಹೇಳು.”

“ಬ್ಯಾಡ ಬಿಡಣ್ಣ. ಗಾಡಿ ಅಡ್ಡೆ ಹರಟೆ.”

“ಹೇಳು ಅಂದೆ ಕಣೋ. ನನ್ ಕೈಲಿ ನಿಂತ್ಕಳಕ್ಕಾಗ್ತಿಲ್ಲ.”

ಅಷ್ಟು ಹೇಳಿ ಅವನು ಮೇಜು ಬಿಟ್ಟು ಬಂದು ಗಂಡಸರ ಚಾಪೆಯ ತುದಿಯಲ್ಲಿ ಗೋಡೆಗೊರಗಿ ಕೂತ. ಕೆಂಚಪ್ಪ ಮೊಣಕಾಲು ಮಡಿಸಿ ಜಾಗ ಮಾಡಿಕೊಟ್ಟ.

ಅಂಜಿನಪ್ಪ ಮುಂದೆ ಬಂದ. ಮೇಜಿನ ಹಿಂದೆ ಹೋಗದೆ ಪಕ್ಕದಲ್ಲಿ ನಿಂತು ತಲೆ ಕೆರೆದುಕೊಂಡ. “ಎಣ್ಣೆ ಕೊಡ್ದೆ ಇದ್ದಿದ್ದು ಸರಿ ಅಂತ ಈಗಂದೆ. ಆದ್ರೆ ಅಜ್ಜಿ, ರಾತ್ರಿ ದಾರೀಲಿ ನಾವು ಮುಂದಿನ ಗಾಡಿಗೆ ಒಂದು ದೀಪ ಕಟ್ಟಿ, ಹಿಂದೆ ಐದಾರು ಗಾಡಿ ಹೊಡ್ಕಂಡು ಬತ್ತೀವಿ. ಜತೇಲಿ ಬನ್ರವ್ವ ಅಂತ ಒಂದು ಮಾತು ಅನ್ಬೋದಿತ್ತು.”

“ಅದು ನ್ಯಾಯ,” ಅಂದಳು ಪಾಪಜ್ಜಿ. “ಮತ್ತೆ ದೊರೆ ಅವ್ರನ್ನ ಬುದ್ಧಿವಂತ್ರು ಅಂತಿದ್ರಲ್ಲ?”

“ಬುದ್ಧಿವಂತ್ರು ಅಂದ್ರು. ಒಳ್ಳೇರು ಅನ್ನಲಿಲ್ಲ,” ಅಂದ ಕೆಂಚಪ್ಪ.

“ಸೋಂಬೇರಿಗೆ ಎಣ್ಣೆ ಕೊಡೋದು ಯಾವ ಒಳ್ಳೇತನ?” ಎಂದು ಹಿಂದಿನಿಂದ ಒಬ್ಬಳು ಕೇಳಿದಳು. ಅದಕ್ಕೆ ಮೂರು ಜನ ಒಟ್ಟಿಗೆ ಉತ್ತರ ಕೊಟ್ಟರು. ಕೊನೆಯ ಹಾಡು ಹಾಡುವ ಹೊತ್ತು ಮೀರಿತ್ತು, ಯಾರಿಗೂ ನೆನಪಾಗಲಿಲ್ಲ. ಅಂಜಿನಪ್ಪ ಎರಡು ಕೈಯೆತ್ತಿ ಗಲಾಟೆ ತಗ್ಗಿಸಲು ನೋಡಿದ.

“ಶನಿವಾರ ಬತ್ತೀನಿ ಸಾಮೇಲಣ್ಣ,” ಅಂದ. “ಮುಂದಿನ ಕಥೆ ನೀನು ಓದಿ ಹೇಳು, ಭಾನುವಾರ ನಾನು ನಿಂತ್ಕಂತೀನಿ. ತಪ್ಪಾಡಿದ್ರೆ ತಿದ್ದು. ಎಲ್ರ ಮುಂದೆ ಗದರ್ಸಬ್ಯಾಡ, ಅಷ್ಟೇಯ.”

ಸಾಮುವೇಲಪ್ಪನ ಗದ್ದ ಎದೆಗೆ ತಾಗಿತ್ತು. ಬಾಯಿ ಅರ್ಧ ತೆರೆದಿತ್ತು.

ಸಾರಮ್ಮ ಎದ್ದು, ಹೆಂಗಸರ ಚಾಪೆ ದಾಟಿ, ಗಂಡಸರ ಕಡೆಗೆ ಬಂದಳು. ಕಿಟಕಿಯ ಬಿಸಿಲು ಗಂಡನ ಮುಖದ ಮೇಲೇ ಬೀಳುತ್ತಿತ್ತು. ಕಿಟಕಿಯ ಬಾಗಿಲು ದೂಡಿದಳು. ಒಂದೇ ಕೀಲಿನ ಮೇಲೆ ನೇತಾಡುತ್ತಿದ್ದ ಅದು ಕಿರುಗುಟ್ಟಿ ಮತ್ತೆ ತೆರೆದುಕೊಂಡಿತು. “ಮೆತ್ತಗೆ ಮಾತಾಡ್ರಪ್ಪ,” ಎಂದು ಹೇಳಿ, ಬಿಸಿಲಿಗೆ ಬೆನ್ನು ಕೊಟ್ಟು ಅಲ್ಲೇ ನಿಂತಳು.