ವ್ಯಾನಿನೊಳಗಿನ ವಾಸನೆ

“ತಲಿ, ತಲಿ! ಬಾಗ್ಲಕ್ಕ ಬಡೀತೈತಿ, ಸ್ವಲ್ಪ ಬಗ್ಗಿಸ್ರಿ,” ಎಂದು ಗುರುಪ್ರಕಾಶ ವ್ಯಾನಿನ ಒಳಗಿನಿಂದ ಕೂಗಿದ.

ಬಗ್ಗಿಸುವುದೇನು ಸುಲಭವಿರಲಿಲ್ಲ. ಜಂಗಮರ ಪದ್ಧತಿಯಂತೆ ಕೊಟ್ಟೂರಯ್ಯನವರ ದೇಹವನ್ನು ಬೆಳಗಿನ ಜಾವವೇ ಕೂರಿಸಿ ಕಟ್ಟಿದ್ದರು. ಹಣೆ ತುಂಬ ವಿಭೂತಿ, ತಲೆಗೆ ಕಾವಿ ರುಮಾಲು. ಊರೂರುಗಳಿಂದ ಜನ ಸುಡಿಸಿಕೊಳ್ಳಲೆಂದೇ ಬರುವ ಕಾಶಿಯಲ್ಲಿ ಹೂಳುವವರಿಗೆ ಜಾಗ ಸಿಗುವುದು ಕಷ್ಟ. ಮಠದ ಪುಣ್ಯಕ್ಕೆ ಸಾರನಾಥದ ಆಚೆ ಒಂದು ತುಂಡು ಹೊಲವಿತ್ತು. ಆದರೆ ಅಷ್ಟು ದೂರ ಹೆಗಲ ಮೇಲೆ ಹೊತ್ತೊಯ್ಯಲು ಮಠದಲ್ಲಿ ಗಟ್ಟಿ ಗಂಡಸರೆಲ್ಲಿದ್ದರು? ಹೀಗಾಗಿ ಕೊಟ್ಟೂರಯ್ಯನವರೇ ಓಡಿಸುತ್ತಿದ್ದ ಮಠದ ವ್ಯಾನಿನ ನಡುವಿನ ಸೀಟಿನಲ್ಲಿ ಅವರನ್ನು ಕೂರಿಸುವುದೆಂದು ತೀರ್ಮಾನವಾಗಿತ್ತು.

ಗಲ್ಲಿಯ ಬಾಯಲ್ಲಿದ್ದ ಪಾನ್ ಅಂಗಡಿಯವನು ಕಿಟಕಿಯಲ್ಲಿ ಅವರ ಮುಖ ಕಂಡು ಎಂದಿನಂತೆ, “ಸ್ಟೇಷನ್, ಬಾಬಾ?” ಎಂದು ಕೇಳಿಯೇಬಿಟ್ಟ. ಗುರುಪ್ರಕಾಶ ತಲೆಯಲ್ಲಾಡಿಸಿದ. ಆತನಿಗೆ ಆಗ ತಿಳಿಯಿತು. ಕೈಮುಗಿದು, ಹಚ್ಚಿದ್ದ ರೇಡಿಯೋ ಆರಿಸಿದ.

ಬಸವಣ್ಣೆಮ್ಮ ಗಂಡನ ಪಕ್ಕದಲ್ಲಿ ಕೂತಳು. ಬೆಳಗಿನಿಂದ ಅವಳ ಕಣ್ಣಲ್ಲಿ ಒಂದು ಹನಿಯೂ ಬಂದಿರಲಿಲ್ಲ. ಮಠದ ಹೆಂಗಸರು ಇದನ್ನು ಗಮನಿಸಿದ್ದರು, ತಮ್ಮತಮ್ಮಲ್ಲೇ ಪಿಸುಗುಟ್ಟಿಯೂ ಇದ್ದರು. ಅವಳೇನು ಮಾಡಲಿ? ಈ ಮನುಷ್ಯ ತನ್ನ ಮೇಲೆ ಯಾಕೆ ಮನಸ್ಸು ಮುರಿದುಕೊಂಡ, ತಾನೇನು ತಪ್ಪು ಮಾಡಿದೆ ಎಂಬುದು ತಿಳಿಯದೆ ಅವಳಿಗೆ ಅಳುವುದಕ್ಕೂ ಬರುತ್ತಿರಲಿಲ್ಲ. ಇನ್ನು ಕೇಳೋಣವೆಂದರೆ ಆತ ವಿಭೂತಿ ಬಳಿದುಕೊಂಡು ಕೂತುಬಿಟ್ಟಿದ್ದ.

*

ಕೊಟ್ಟೂರಯ್ಯನ ಕೆಲಸ ಕರ್ನಾಟಕದಿಂದ ಬರುವ ಯಾತ್ರಿಕರನ್ನು ಸ್ಟೇಷನ್ನಿನಿಂದ ಮಠಕ್ಕೆ ಕರೆತರುವುದು, ಮಠದಲ್ಲೇ ಉಳಿದ ಮುದುಕಿಯರನ್ನು ಆಸ್ಪತ್ರೆಗೆ, ಗುಡಿಗೆ ಸುತ್ತಿಸುವುದು. ಮಧ್ಯಾಹ್ನ ಮನೆಗೆ ಬಂದರೆ ಕೆಳಗಿನ ಮೆಟ್ಟಿಲಲ್ಲೇ ನಿಂತು ಮೂಗೇರಿಸುತ್ತಿದ್ದ. “ಗುರೆಳ್ಳು ಹುರಿದಿ. ಒಂಚೂರು ಹೊತ್ತೈತಿ.” ಇನ್ನೊಂದು ದಿನ, “ಬದ್ನಿಕಾಯಿ ಎಣ್ಣಿಗಾಯಿ. ಬೆಳ್ಳುಳ್ಳಿ ಯಾಕ ಕಮ್ಮಿ ಆತು?” ಬಸವಣ್ಣೆಮ್ಮ ಮೇಲಿನಿಂದಲೇ ಬೈಯುತ್ತಿದ್ದಳು. ಆ ತಕರಾರು ಕೇಳಲೆಂದೇ ಅವಳು ಅಡುಗೆ ಮಾಡುತ್ತಿದ್ದಳು ಎಂದರೂ ನಡೆದೀತು.

ಕೊರೊನಾ ಬಂದು ಹೋದ ಮೇಲೆ ಅದು ನಿಂತಿತು. ಬರುತ್ತಿದ್ದ, ಉಣ್ಣುತ್ತಿದ್ದ, ಕೈ ತೊಳೆಯುತ್ತಿದ್ದ. “ಹೆಂಗಾಗೈತಿ?” ಎಂದು ಕೇಳಿದರೆ, “ಚಲೋ ಐತಿ.” ಏಲಕ್ಕಿ ಸುರಿದು ಹೋಳಿಗೆ ಮಾಡಿದಳು: “ಚಲೋ ಐತಿ.” ಹಳಸಿದ ಪಲ್ಯ ಬೇಕೆಂದೇ ಬಡಿಸಿದಳು: “ಚಲೋ ಐತಿ.” ತಟ್ಟೆಯನ್ನು ಕೈಯಿಂದ ಕಿತ್ತುಕೊಂಡಳು. ಅಂದಿನಿಂದ ಒಲೆ ಹಚ್ಚುವುದನ್ನೇ ಬಿಟ್ಟಳು. ಇಬ್ಬರಿಗೂ ಮಠದ ದಾಸೋಹದ ಊಟವೇ ಗತಿಯಾಯಿತು. ಅದನ್ನೂ ಆತ ಚಲೋ ಐತಿ ಎಂದೇ ಉಂಡ.

*

ಸಮಾಧಿಗೆ ಬೇಕಾದ ಉಪ್ಪು, ವಿಭೂತಿ, ಬಿಲ್ವಪತ್ರೆ ತರಲು ಮಠದ ಹಿರಿಯ ಅರ್ಚಕ ಶಂಭುಲಿಂಗಯ್ಯ ಒಳಗೆ ಹೋಗಿದ್ದರು. ಹಿಂದಿನ ಸೀಟಿಗೆ ಮಠದ ಇಬ್ಬರು ಹಳೆಯ ವಾಸಿಗಳು ಹತ್ತಿದರು. ಮೊದಲು ಕಾವೇರಮ್ಮ, ಅವಳ ಹಿಂದೆ ರಿಟೈರಾದ ಮಾಸ್ತರಿಣಿ ವನಮಾಲಾ. ಕಾವೇರಮ್ಮ ಕೂಡುತ್ತಲೇ ಮೂಗಿಗೆ ಸೆರಗು ಹಿಡಿದಳು, ಆಮೇಲೆ ನಾಚಿ ಬಿಟ್ಟಳು.

“ರೂಢಿ ನೋಡ್ರಿ. ಪೆಟ್ರೋಲ್ ವಾಸನಿ ದೀಪಾವಳಿಗೇ ಹೋತು, ಕೈ ಇನ್ನೂ ಮೂಗಿಗೆ ಹೋಗ್ತೈತಿ.”

“ಹೋಗಿದ್ದು ನಮಗ ಗೊತ್ತು. ಅಯ್ಯನೋರಿಗೆ ಯಾರು ಹೇಳ್ಬೇಕಿತ್ತು?” ಎಂದಳು ವನಮಾಲಾ. “ಮೊನ್ನೆ ಸೋಮವಾರನೂ ಕೇಳಿದ್ರು, ‘ವನಮಾಲಕ್ಕ, ವಾಸನಿ ಬರ್ತೈತೇನು?’ ಇಲ್ರೀ ಅಂದೆ. ಗಾಜು ಏರಿಸಿ ಮತ್ತ ಕೇಳಿದ್ರು.”

ಕಾಶಿಯದೇ ಲಂಕಾ ಬಡಾವಣೆಯವರೊಬ್ಬರಿಂದ ಮಠ ಕೊಂಡ ಹಳೆಯ ಗಾಡಿ ಅದು. ಕೊಂಡದ್ದು ಕೊರೊನಾದ ನಂತರ. ಕೊಟ್ಟೂರಯ್ಯ ಒಬ್ಬನೇ ಹೋಗಿ, ಇಂಜಿನ್ನು, ಟೈರು ಎಲ್ಲ ನೋಡಿ, ಬಂಗಾರದಂಥ ಗಾಡಿ ಎಂದು ತಂದಿದ್ದ. ಮೊದಲ ದಿನವೇ ಹತ್ತಿದವರೆಲ್ಲ ಪೆಟ್ರೋಲ್ ನಾತಕ್ಕೆ ವಾಂತಿ ಮಾಡಿಕೊಂಡು ಇಳಿದಿದ್ದರು.

“ನನ್ನ ಒಂದೊಂದು ದಿನ ಒಂದೊಂದು ಸೀಟಿನ್ಯಾಗ ಕೂಡಿಸೋರು,” ಕಾವೇರಮ್ಮ ಹೇಳಿದಳು. “ಇಲ್ಲಿ ಜಾಸ್ತಿನೋ, ಅಲ್ಲಿ ಜಾಸ್ತಿನೋ ಅಂತ. ಕಣ್ಣಿನ ಡಾಕ್ಟರು ಗಾಜು ಬದಲಿಸಿ ಬದಲಿಸಿ ಕೇಳ್ತಾರಲ್ಲ, ಹಂಗ.”

“ನಿಮ್ಮನ್ನ ಕೂಡಿಸಿದ್ರು, ನನ್ನ ಮಲಗಿಸಿಬಿಟ್ರು! ಸೀಟಿನ ಕೆಳಗ ಮೂಗಿಟ್ಟು ನೋಡವಾ ಅಂದ್ರು. ಈ ನಡುವಿನ ಸೀಟಿನ ಬುಡಕ್ಕ ಭಾಳ ಐತಿ ಅಂದೆ. ಬಿಚ್ಚಿದ್ರ ಅಲ್ಲೇ ಟ್ಯಾಂಕಿನ ಬಾಯಿಗಿದ್ದ ರಬ್ಬರ್ ಹರಿದಿತ್ತು.”

ಬಸವಣ್ಣೆಮ್ಮ ಮೊದಲ ಸಲ ಹಿಂದೆ ತಿರುಗಿದಳು. “ಅವರೇ ಯಾಕ ಮೂಗಿಟ್ಟು ನೋಡ್ಲಿಲ್ಲ?”

“ಸೊಂಟ ನೋವು ಅಂದ್ರು.”

“ಅವರಿಗೆಲ್ಲಿ ಸೊಂಟ ನೋವಿತ್ತು!”

ಸ್ಟೀರಿಂಗ್ ಹಿಡಿದು ಕೂತಿದ್ದ ಗುರುಪ್ರಕಾಶ ಕಾಶಿಯಲ್ಲೇ ಹುಟ್ಟಿ ಬೆಳೆದವನು. ಮಠದ ಲೆಕ್ಕಪತ್ರ ನೋಡುತ್ತಿದ್ದವನಿಗೆ ಇವತ್ತು ಡ್ರೈವರನ ಕೆಲಸ ಬಿದ್ದಿತ್ತು. “ಕಾಕೂ, ಒಂದ್ ಬಾತ್ ಹೇಳ್ತೀನಿ, ಬೈಬ್ಯಾಡ್ರಿ,” ಎಂದ. “ಭೇಲೂಪುರದ ಗ್ಯಾರೇಜಿನ್ಯಾಗ ಆ ರಬ್ಬರ್ ಹಾಕಿಸಿದ ದಿನ ನಾನೂ ಹೋಗಿದ್ದೆ. ಕಾಕಾ ಭಾಳ ಬೆವರಿದ್ರು. ಮಿಸ್ತ್ರಿ ಪೆಟ್ರೋಲಿನ್ಯಾಗ ಅದ್ದಿಟ್ಟ ಬಟ್ಟಿ ಇತ್ತಲ್ಲ, ಅದನ್ನ ತಗೊಂಡು ಮುಖ, ಕುತ್ತಿಗಿ ಆರಾಮ್ ಸೇ ಒರಿಸಿಕೊಂಡ್ರು! ಮಿಸ್ತ್ರಿ, ‘ಅರೇ ಬಾಬಾ, ಪೆಟ್ರೋಲ್ ಹೈ!’ ಅಂತ ಚೀರಿದ. ಕಾಕಾ ಬಟ್ಟಿ ನೋಡಿದ್ರು. ‘ಗೊತ್ತೈತಿ, ಗೊತ್ತೈತಿ’ ಅಂದ್ರು. ಕಣ್ಣು ಉರಿದು ನೀರು ಸುರೀತಿತ್ತು.”

ಹಿಂದಿನ ಸೀಟಿನವರಿಬ್ಬರೂ ಸಾವಿನ ಗಾಡಿಯೆಂಬುದನ್ನೂ ಮರೆತು ನಕ್ಕರು. ಬಸವಣ್ಣೆಮ್ಮ ನಗಲಿಲ್ಲ.

*

ಅವಳಿನ್ನೂ ಒಲೆ ಹಚ್ಚುತ್ತಿದ್ದ ದಿನಗಳಲ್ಲಿ, ಹೋದ ವರ್ಷ ಒಂದು ಸಂಜೆ ಹಾಲು ಒಲೆಯ ಮೇಲಿಟ್ಟು ಅವಳು ಪುರಾಣ ಕೇಳಲು ಹೋಗಿದ್ದಳು. ಬರುವಷ್ಟರಲ್ಲಿ ಗಲ್ಲಿಯ ತುದಿಯವರೆಗೂ ಸುಟ್ಟ ನಾತ. ಪಾತ್ರೆ ಕರ್ರಗಾಗಿತ್ತು. ಕೊಟ್ಟೂರಯ್ಯ ಪಕ್ಕದ ಕೋಣೆಯಲ್ಲಿ ಅಂಗಿಗೆ ಗುಂಡಿ ಹೊಲಿಯುತ್ತ ಕೂತಿದ್ದ. “ಮನಿಗೆ ಬೆಂಕಿ ಬಿದ್ರೂ ಏಳೂದಿಲ್ಲೇನು? ನಿಮಗ ಈ ಮನ್ಯಾಗ ಲಕ್ಷ್ಯನೇ ಇಲ್ಲ!” ಎಂದು ಅವಳು ಬಾಯಿಗೆ ಬಂದಂತೆ ಬೈದಳು. ಆತ ಸೂಜಿ ಹಿಡಿದುಕೊಂಡೇ ಎದ್ದು ಬಂದು, ಪಾತ್ರೆ ನೋಡಿ, ಅದನ್ನು ತೆಗೆದುಕೊಂಡು ಹೋಗಿ ನಲ್ಲಿಯ ಕೆಳಗೆ ತಿಕ್ಕತೊಡಗಿದ್ದ.

*

“ಅವರಿಗೆ ವಾಸನೀನೇ ಬರ್ತಿದ್ದಿಲ್ಲ,” ಎಂದಳು ಬಸವಣ್ಣೆಮ್ಮ.

ವನಮಾಲಾಳ ನಗು ನಿಂತಿತು. “ಕೊರೊನಾದಾಗ ಎಲ್ಲರಿಗೂ ಹೋಗಿತ್ತಲ್ಲ. ನನಗೂ ಹೋಗಿತ್ತು. ಆಮ್ಯಾಲ ಬಂತು.”

“ತಮಗೂ ಬಂತು ಅಂತ ನನ್ನ ಮುಂದ ಹೇಳಿದ್ರು. ಸುಳ್ಳು ಹೇಳಿದ್ರು.”

“ಯಾಕ ಸುಳ್ಳು ಹೇಳ್ಬೇಕು?”

ಯಾಕೆಂದು ಬಸವಣ್ಣೆಮ್ಮನಿಗೆ ಗೊತ್ತಿತ್ತು. ಆತನ ಮೂಗು ಸತ್ತಿದೆಯೆಂದು ತಿಳಿದಿದ್ದರೆ, ಇನ್ನು ಯಾರಿಗಾಗಿ ಹುರಿಯಲಿ, ಯಾರಿಗಾಗಿ ಕುಟ್ಟಲಿ ಎಂದು ಅವಳು ಅಂದೇ ಒಲೆ ಆರಿಸುತ್ತಿದ್ದಳು. ಅದನ್ನು ತಪ್ಪಿಸಲು ಆತ ಹಳಸಿದ ಪಲ್ಯವನ್ನೂ ಚಲೋ ಎಂದು ಉಂಡ. ಅಷ್ಟು ಮಾಡಿಯೂ ಒಲೆ ಆರಿತು. ತನ್ನ ಮೇಲೆ ಮನಸ್ಸು ಮುರಿದಿರಲಿಲ್ಲ! ಮೊದಲು ಎದೆ ಹಗುರಾಯಿತು, ಬೆನ್ನಿಗೇ ಸಿಟ್ಟು ಒತ್ತಿಕೊಂಡು ಬಂತು. ಗಂಡನ ಮಡಚಿ ಕಟ್ಟಿದ ಮೊಣಕಾಲಿಗೆ ಅಂಗೈಯಿಂದ ಒಂದೇಟು ಹಾಕಿದಳು.

“ಬಾಯಿ ಇದ್ದಿಲ್ಲೇನ್ರಿ ನಿಮಗ? ಊರ ಮಂದಿನೆಲ್ಲಾ ಕೇಳಿದ್ರಿ. ನನಗೊಂದು ಮಾತು ಹೇಳಿದ್ರ ಏನಾಗ್ತಿತ್ತು?”

ಅಳು ಆಗ ಬಂತು. ಹೆಂಗಸರು ಬೆಳಗಿನಿಂದ ಕಾದಿದ್ದ ಅಳು ಬಂದಾಗ ಯಾರಿಗೂ ಅದನ್ನು ನೋಡುವ ಧೈರ್ಯವಿರಲಿಲ್ಲ. ಕಾವೇರಮ್ಮ ಕಿಟಕಿಯ ಹೊರಗೆ ನೋಡುತ್ತ ಕೂತಳು.

ಶಂಭುಲಿಂಗಯ್ಯ ಉಪ್ಪಿನ ಚೀಲದೊಂದಿಗೆ ಬಂದು ಮುಂದೆ ಹತ್ತಿದರು. ಗಾಡಿ ಹೊರಟಿತು. ಚಳಿಗಾಳಿ ಹೊಡೆಯುತ್ತದೆಂದು ಗುರುಪ್ರಕಾಶ ಗಾಜು ಏರಿಸಲು ಹೋದ.

“ಇಳಿಸಪ್ಪ. ಎಲ್ಲಾ ಇಳಿಸು,” ಎಂದಳು ಬಸವಣ್ಣೆಮ್ಮ.

ಸೆರಗಿನಿಂದ ಮೂಗೊರೆಸಿಕೊಂಡು ಗಂಡನ ಕಿವಿಯ ಹತ್ತಿರ ಸರಿದಳು. “ಕಚೋರಿ ಕರಿಯಾಕತ್ತಾರ,” ಎಂದಳು ಮೆಲ್ಲಗೆ. “ಎಣ್ಣಿ ಹಳೇದೈತಿ.” ಸ್ವಲ್ಪ ಮುಂದೆ, “ಇದು ಚಂಡುಹೂವು, ರಾಶಿ ಹಾಕ್ಯಾರ.” ಆಮೇಲೆ, “ಮೋರಿ. ಬ್ಯಾಡ ಬಿಡ್ರಿ.” ಮಂತ್ರ ಹೇಳುತ್ತಿದ್ದ ಶಂಭುಲಿಂಗಯ್ಯ ತಿರುಗಿ ನೋಡಿದರು. ಕಿವಿಯಲ್ಲಿ ಪಂಚಾಕ್ಷರಿ ಹೇಳುತ್ತಿದ್ದಾಳೆಂದುಕೊಂಡು ತಮ್ಮ ದನಿ ತಗ್ಗಿಸಿದರು.

ಊರು ಮುಗಿಯಿತು. ಸಾರನಾಥ ದಾಟಿತು. “ಸಾಸ್ವಿ ಹೊಲ ಹೂ ಬಿಟ್ಟೈತಿ. ಒಂಚೂರು ಘಾಟು, ಒಂಚೂರು ಸಿಹಿ,” ಎಂದು ಅವಳು ಹೇಳುತ್ತಲೇ ಇದ್ದಳು. ಗಾಡಿ ಮಠದ ಹೊಲದ ಅಂಚಿಗೆ ಬಂದು ನಿಂತಿತು. ಗುಂಡಿ ತೋಡಿದವರು ಗುದ್ದಲಿ ಹಿಡಿದು ಪಕ್ಕಕ್ಕೆ ಸರಿದರು. ಗುರುಪ್ರಕಾಶ ಇಳಿದು ಬಂದು ಬಾಗಿಲು ಎಳೆದ.

ಬಸವಣ್ಣೆಮ್ಮ ಉಸಿರೆಳೆದುಕೊಂಡಳು. ಗಂಡನ ರುಮಾಲು ಸರಿಪಡಿಸಿ, ಮತ್ತೆ ಕಿವಿಯ ಹತ್ತಿರ ಬಾಗಿದಳು.

“ಇದು ಹಸಿ ಮಣ್ಣು ರೀ,” ಎಂದಳು.