ಬೋಗುಣಿಯ ಕಡಲು

ಕಿಟಕಿಯ ಬಿಸಿಲು ಬೋಗುಣಿಯವರೆಗೆ ಬಂದುಬಿಟ್ಟಿತಲ್ಲ, ಇನ್ನು ಸ್ವಲ್ಪ ಹೊತ್ತಿಗೆ ಚಾಕೊಲೇಟು ಮೀನುಗಳು ಕರಗುತ್ತವೆ, ಕರಗಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಅಂಟಿದ ಮೀನನ್ನು ಯಾರು ತಾನೇ ಮುಟ್ಟುತ್ತಾರೆ — ಮುಟ್ಟಿರಪ್ಪಾ, ಡೆಸ್ಮಂಡ್ ಟಿಂಡಲ್ ಮನಸ್ಸಿನಲ್ಲೇ ಬೇಡಿಕೊಂಡ, ಒಂದಾದರೂ ತೆಗೆಯಿರಿ, ತರಗತಿ ತುಂಬಾ ಹದಿನಾಲ್ಕರ ಹುಡುಗರು, ಹೊಟ್ಟೆಯೊಂದು ಬಿಟ್ಟು ಬೇರೆ ಅಂಗವೇ ಇಲ್ಲದ ವಯಸ್ಸು, ಈವತ್ತೇ ಎಲ್ಲರೂ ಋಷಿಗಳಾಗಬೇಕೇ. ಹಿಂದಿನ ಬೆಂಚಿನಲ್ಲಿ ವಿಭಾಗದ ಮುಖ್ಯಸ್ಥೆ ಹಾರಾತಾ ಪೊಹಾತು, ತನ್ನ ಮಗಳಿಗಿಂತ ಚಿಕ್ಕವಳು, ಪಾಠ ನೋಡಿ ಬರೆದುಕೊಳ್ಳಲು ಬಂದವಳು, ಇನ್ನೂ ಪೆನ್ನಿನ ಮುಚ್ಚಳ ತೆಗೆದಿಲ್ಲ, ಅದು ಒಳ್ಳೆಯ ಲಕ್ಷಣವಲ್ಲ, ಕಳೆದ ಸಲವೂ ತೆಗೆದಿರಲಿಲ್ಲ, ಕಳೆದ ಸಲ ಹಡಗಿನಲ್ಲಿ ಬಂದ ಬಿಳಿಯರು ಇಲ್ಲಿನ ಮೂಲನಿವಾಸಿಗಳೊಡನೆ ಮಾಡಿಕೊಂಡ ಒಪ್ಪಂದದ ಇಸವಿ, ಹಡಗುಗಳ ಹೆಸರು, ರುಜು ಹಾಕಿದವರ ಸಾಲು, ಎಲ್ಲಾ ಪಟಪಟನೆ ಹೇಳಿ ಮುಗಿಸಿ ಬೆವರು ಒರೆಸಿಕೊಂಡಾಗ ಅವಳು ಹತ್ತಿರ ಬಂದು, ಇಸವಿ ಎಲ್ಲಾ ಫೋನಲ್ಲೇ ಇರುತ್ತೆ ಮಾತುವಾ, ಬಾಗಿಲು ದಾಟೋವಾಗ ಮಕ್ಕಳ ತಲೇಲಿ ಯಾವ ಪರಿಕಲ್ಪನೆ ಇರುತ್ತೆ ಹೇಳಿ, ಅಂದಿದ್ದಳು — ಮಾತುವಾ ಅನ್ನುವುದು ಚಿಕ್ಕಪ್ಪನ ಲೆಕ್ಕ, ಇಲ್ಲಿ ಮೇಷ್ಟ್ರುಗಳನ್ನೆಲ್ಲ ಕರೆಯುವುದು ಹಾಗೆಯೇ, ಗೌರವಕ್ಕೇನೂ ಕಮ್ಮಿಯಿಲ್ಲ, ಬುಡಕ್ಕೆ ಮಾತ್ರ ಬೆಂಕಿ — ಊಟದ ಪರಿಕಲ್ಪನೆ ಇರುತ್ತಮ್ಮ, ಗಂಟೆ ಹೊಡೀತಲ್ಲ, ಅಂದ ತಾನು, ಅವಳು ನಗಲಿಲ್ಲ. ಈ ಸಲವೂ ಕೆಟ್ಟರೆ ಬರುವ ವರ್ಷ ಈ ತರಗತಿ ಹೊಸಬನಿಗೆ, ತನಗೆ ರಜೆ ಹಾಕಿದವರ ಕೊಠಡಿ ಕಾಯುವ ಕೆಲಸ, ಅಂದರೆ ಸುಮ್ಮನೆ ಗದ್ದಲ ಅಡಗಿಸುತ್ತಾ ನಿವೃತ್ತಿಗೆ ಕಾಯುವುದು, ಅಯ್ಯೋ, ಈ ಪೋಕರಿಗಳನ್ನು ಬಿಟ್ಟು ತಾನು ಬದುಕುವುದು ಹೇಗೆ, ಇವರೆಂದರೆ ತನಗೆ ಪ್ರಾಣ, ಹೇಳಿದರೆ ನಂಬುತ್ತಾರೆಯೇ ಇವರು.

ಅದಕ್ಕೇ ತಾನೇ ಗಿಸ್ಬೋರ್ನ್ ಪಟ್ಟಣದಲ್ಲಿ ನಡೆದ ಮೇಷ್ಟ್ರುಗಳ ಶಿಬಿರಕ್ಕೆ ಹೋಗಿ ಈ ಆಟ ಕಲಿತು ಬಂದದ್ದು, ಬೋಗುಣಿಯೇ ಕಡಲು, ಸುತ್ತಿಗೊಮ್ಮೆ ಪ್ರತಿ ಮೇಜಿನವರೂ ಬೇಕಾದಷ್ಟು ಮೀನು ಹಿಡಿಯಬಹುದು, ಉಳಿದದ್ದು ಮರಿ ಹಾಕಿ ಇಮ್ಮಡಿಯಾಗುತ್ತದೆ, ಏನೂ ಉಳಿಯದಿದ್ದರೆ ಕಡಲು ಸತ್ತಂತೆ, ಶಿಬಿರದಲ್ಲಿ ಮೇಷ್ಟ್ರುಗಳೇ ಮೊದಲ ಸುತ್ತಿನಲ್ಲಿ ಬೋಗುಣಿ ನೆಕ್ಕಿಟ್ಟರು, ಇಬ್ಬರು ಹೆಡ್‌ಮಾಸ್ಟರುಗಳು ಕಿತ್ತಾಡಿದರು, ಎಂಥ ಪಾಠ ಅದು, ಇಲ್ಲಿಯೂ ಹಾಗೇ ಆಗುತ್ತದೆ, ಮಕ್ಕಳು ಮುಗಿಬೀಳುತ್ತಾರೆ, ಕಡಲು ಬರಿದಾಗುತ್ತದೆ, ಎಲ್ಲರೂ ಬಾಯಿ ಬಾಯಿ ಬಿಡುತ್ತಾರೆ, ಆಗ ತಾನು ಗಂಭೀರವಾಗಿ ಬೋರ್ಡಿನ ಮೇಲೆ ರಾಹುಯಿ ಎಂದು ಬರೆದು, ಹಿರಿಯರು ಕಡಲಿಗೆ ಯಾಕೆ ತಡೆ ಹಾಕುತ್ತಾರೆ ಈಗ ತಿಳಿಯಿತೇ ಮಕ್ಕಳೇ, ಎಂದು ತಿರುಗಬೇಕು, ಹಾರಾತಾಳ ಪೆನ್ನು ಓಡಬೇಕು. ಆದದ್ದೇನು, ಮೆರೆಯಾನಾ ಎಂಬ ಹುಡುಗಿ ಎದ್ದಳು, ಬೋಗುಣಿಯ ಮೇಲೆ ಅಂಗೈ ಚಾಚಿದಳು, ಎರಡು ಸುತ್ತು ಯಾರೂ ಮುಟ್ಟೋದು ಬೇಡ, ರಾಹುಯಿ, ಅಂದಳು, ಅಷ್ಟೇ, ಮುಗಿಯಿತು — ಅವಳ ಅಜ್ಜನೇ ಅಲ್ಲವೇ ಬೇಸಿಗೆಯಲ್ಲಿ ಇದೇ ಊರಿನ ಕೊಲ್ಲಿಗೆ ತಡೆ ಹಾಕಿದವನು, ಬಂಡೆಗೆ ಅಂಟಿ ಬೆಳೆಯುವ ಪಾವಾ ಚಿಪ್ಪುಮೀನು ಅಂಗೈಯಷ್ಟಾಗುವವರೆಗೆ ಯಾರೂ ಬಂಡೆಯ ಹತ್ತಿರ ಸುಳಿಯಕೂಡದೆಂದು, ಅದು ತನಗೆ ಗೊತ್ತಿಲ್ಲದ್ದೇ, ದಿನಾ ಆ ತಡೆ ಸಾರುವ ಫಲಕದ ಮುಂದೆಯೇ ಕಾರು ಓಡಿಸಿಕೊಂಡು ಬರುತ್ತೇನಲ್ಲ, ಕಡಲ ಮಕ್ಕಳಿಗೆ ಕಡಲಿನ ಪಾಠ ಹೇಳಲು ಹೊರಟೆನಲ್ಲ, ನನ್ನ ಬುದ್ಧಿಗಿಷ್ಟು.

ಆ ಹುಡುಗ ರಾವಿರಿಯಾದರೂ ಕೈ ಹಾಕಬಾರದೇ, ಬೆಳಗಿನ ಗಂಟೆಗೆ ಮೊದಲೇ ಎರಡು ಕಡುಬು ಮುಗಿಸುವ ಆಸಾಮಿ, ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದಾನೆ, ರಾವಿರಿ, ನೀನು ದೂರದ ಊರಿನ ದೋಣಿಯವ್ನು ಅಂದ್ಕೋ, ನಿಂಗೆ ರಾಹುಯಿ ವಿಷಯ ಗೊತ್ತಿಲ್ಲ ಅಂದ್ಕೋ, ಅಂದ ತಾನು, ಗೊತ್ತಿದೆಯಲ್ಲ ಮಾತುವಾ, ಗೊತ್ತಿಲ್ಲ ಅಂದ್ಕೋ ಮಾರಾಯ, ಹೆಂಗ್ ಅಂದ್ಕೊಳ್ಲಿ, ಇವ್ಳು ಅಜ್ಜಂಗೆ ಹೇಳಿದ್ರೆ ನನ್ನ ಚರ್ಮ ಸುಲೀತಾರೆ, ತರಗತಿ ಗೊಳ್ಳೆಂದಿತು. ಮೊದಲ ಸುತ್ತು, ಹಿಡಿದದ್ದು ಸೊನ್ನೆ, ಇಮ್ಮಡಿ ಮಾಡಬೇಕು, ಪೊಟ್ಟಣ ಒಡೆದು ಸುರಿದ, ಎರಡನೆಯ ಸುತ್ತು, ಮತ್ತೆ ಸೊನ್ನೆ, ಮತ್ತೆ ಸುರಿದ, ಇದ್ದಬದ್ದ ಪೊಟ್ಟಣವೆಲ್ಲ ಖಾಲಿ, ಕಡಲು ಉಕ್ಕಿ ಮೇಜಿನ ಮೇಲೆ ಹರಡಿತು, ಈಗಲಾದರೂ ತೆಗೀರಿ ಅಂದರೆ ಮೆರೆಯಾನಾ, ಇನ್ನೂ ಒಂದು ಸುತ್ತು ಬಿಡೋಣ ಮಾತುವಾ, ದಪ್ಪ ಆಗ್ಲಿ, ಅನ್ನುತ್ತಾಳೆ, ಅಲ್ಲಮ್ಮಾ ಅದು ಚಾಕೊಲೇಟು, ದಪ್ಪ ಆಗಲ್ಲ ಅದು, ಕರಗುತ್ತೆ, ಮರಿ ಹಾಕ್ಸೋಕೆ ನನ್ನ ಹತ್ರ ಮೀನೂ ಇಲ್ಲ, ಅತಿಯಾಸೆಯ ಪಾಠಕ್ಕೆ ಒಬ್ಬ ಆಸೆಬುರುಕ ಸಿಗಲಿಲ್ಲವಲ್ಲ ದೇವರೇ. ಹೊಟ್ಟೆ ಬೇರೆ ತಾಳ ಹಾಕುತ್ತಿದೆ, ತಿಂದ್ಕೊಂಡು ಹೋಗು ಡೆಸ್, ಅಂದಿದ್ದಳು ಬೆಳಿಗ್ಗೆ ಹೆಂಡತಿ ಲೊರೇನ್, ಮೊದ್ಲು ಪಾಠ ಮುಗೀಲಿ ಕಣೇ, ಅಂದು ಬಂದವನು ತಾನು, ಈಗ ಮೂಗಿಗೆ ಚಾಕೊಲೇಟಿನ ಘಮ, ಹಾರಾತಾ ಕೈಗಡಿಯಾರ ನೋಡಿಕೊಂಡಳು, ಏನು ಹೇಳಲಿ, ಇಸವಿ ಹೇಳಿಬಿಡಲೇ, ಬೇಡ ಬೇಡ, ರಾಶಿಯ ಅಂಚಿನಿಂದ ಒಂದು ಮೀನು ಜಾರಿತು, ಹಿಡಿದ, ಯೋಚಿಸೋಣ, ಪರಿಕಲ್ಪನೆ ಎಂದರೆ, ಪರಿಕಲ್ಪನೆ ಎಂದರೆ — ಏನಿದು ಇಷ್ಟು ಮೌನ.

ಬಾಯಲ್ಲಿ ಮೀನಿನ ತಲೆ. ಬೆರಳ ತುದಿಯಲ್ಲಿ ಬಾಲ. ಕೈ ಯಾವಾಗ ಮೇಲೆ ಹೋಯಿತು, ಹಲ್ಲು ಯಾವಾಗ ಕಚ್ಚಿತು, ನಾಲಿಗೆಗೆ ಮಾತ್ರ ಎಲ್ಲಾ ಗೊತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ, ತರಗತಿಗೆ ತರಗತಿಯೇ ಆ ಬಾಲ ನೋಡುತ್ತಿದೆ. ಬೇಲಿಯೇ ಎದ್ದು ಹೊಲ ಮೇಯ್ದಿತು. ಮೊದಲು ರಾವಿರಿ, ರೂಲ್ಸು ಎಲ್ರಿಗಾ, ಇಲ್ಲ ನಮಗೆ ಮಾತ್ರನಾ, ಅಂದ, ಕಿಟಕಿ ಪಕ್ಕದವಳು, ಕಡಲು ನೋಡ್ಕೊಳ್ಳೋನೇ ಕದ್ರೆ ಅವನನ್ನ ಯಾರು ಹಿಡೀಬೇಕು, ಅಂದಳು, ಅವ್ರು ಮಾತುವಾ ಅಂತ ಬಿಟ್ರೆ ಅದು ರಾಹುಯಿನೇ ಅಲ್ಲ, ಬಿಡದಿದ್ರೆ ಮರ್ಯಾದೆ ಅಲ್ಲ, ಹಂಗಾದ್ರೆ ಮರ್ಯಾದೆ ದೊಡ್ಡದಾ ಕಡಲು ದೊಡ್ಡದಾ, ಮೇಜು ಗುದ್ದುವವರು, ಕುರ್ಚಿ ಹತ್ತಿ ನಿಂತವರು, ಮೂವತ್ತು ವರ್ಷದಲ್ಲಿ ಇಂಥ ತರಗತಿ ತನಗೆ ಒದಗಿಬಂದಿರಲಿಲ್ಲ, ಹಿಂದಿನ ಬೆಂಚಿನಲ್ಲಿ ಪೆನ್ನು ಓಡುತ್ತಿದೆ, ಹಾಳೆ ತಿರುಗಿಸಿ ಮತ್ತೆ ಓಡುತ್ತಿದೆ, ಹಾರಾತಾ ಎದ್ದು ನಿಂತಳು, ಮುಖ ಅರಳಿದೆ, ಮಾತುವಾ, ಇದನ್ನ ಬೇಕಂತಲೇ ಮಾಡಿದ್ದು ತಾನೇ, ಎಷ್ಟು ಚೆನ್ನಾಗಿ ಯೋಚ್ನೆ ಮಾಡಿದೀರಿ, ಅಂದಳು. ಹೂಂ ಅಂದುಬಿಡು ಡೆಸ್, ತಲೆ ಅಲ್ಲಾಡಿಸಿದರೂ ಸಾಕು, ತರಗತಿ ನಿನ್ನದು, ಬರುವ ವರ್ಷ, ಅದರಾಚೆಯ ವರ್ಷ, ಕತ್ತು ತಾನಾಗಿಯೇ ಬಾಗಲು ಹೊರಟಿತ್ತು, ಮೆರೆಯಾನಾ ಮಾತ್ರ ಅವನ ಮುಖ ನೋಡುತ್ತಿರಲಿಲ್ಲ, ಬಾಲ ನೋಡುತ್ತಿದ್ದಳು, ಬೆರಳ ಬಿಸಿಗೆ ಅದರ ಚಾಕೊಲೇಟು ಕರಗಿ ಒಳಗಿನ ಗುಲಾಬಿ ಮಿಠಾಯಿ ಕಾಣುತ್ತಿತ್ತು. ಕಷ್ಟಪಟ್ಟು ನುಂಗಿದ. ಇಲ್ಲಮ್ಮ, ಹಸಿವಾಗಿತ್ತು, ಅಂದ. ಅಜ್ಜನ ಹತ್ರ ಸಿಕ್ಕಿಬಿದ್ದೋರೆಲ್ಲ ಮೊದ್ಲು ಗೊತ್ತಿರ್ಲಿಲ್ಲ ಅಂತಾರೆ ಮಾತುವಾ, ಮೆರೆಯಾನಾ ಮೆಲ್ಲಗೆ ಅಂದಳು, ಆಮೇಲೆ ಇದನ್ನೇ ಹೇಳ್ತಾರೆ, ಹಸಿವಾಗಿತ್ತು ಅಂತ. ಪೆನ್ನು ನಿಂತಿತೋ, ಓಡುತ್ತಲೇ ಇದೆಯೋ, ಹಾರಾತಾಳ ಮುಖ ಹೇಗಿದೆಯೋ, ತಲೆ ಎತ್ತಿ ನೋಡಬೇಕು, ನೋಡುತ್ತೇನೆ, ಈ ಬಾಲವನ್ನು ಎಲ್ಲಿಡಲಿ, ತಿನ್ನುವಂತಿಲ್ಲ, ಬೋಗುಣಿಗೆ ಹಾಕಿದರೆ ಅದಕ್ಕೆ ಜೀವ ಬರುವುದಿಲ್ಲ, ಎರಡು ಬೆರಳ ನಡುವೆ ಬಾಲ, ಬಾಲ ಅಷ್ಟೇ, ಗುಲಾಬಿ ಬಣ್ಣದ್ದು.